ನಡುವಿನ ಮೂರು ಗಂಟೆ ಯಾರ ಲೆಕ್ಕಕ್ಕೆ?

ನಮ್ಮ ಬಳಗದ ಸಂಚಿಕೆಗಳಲ್ಲಿ ಪ್ರೇಮ, ಮಳೆ, ಕ್ರಾಂತಿ, ಲೋಕಲ್ ಗಾಡಿಯ ನೂಕುನುಗ್ಗಲು, ಈ ನಾಲ್ಕರ ಬಗ್ಗೆ ಬೇಕಾದಷ್ಟು ಬಂದಿದೆ. ವಿಮಾನ ಬದಲಿಸುವುದರ ಬಗ್ಗೆ ಯಾರೂ ಬರೆದದ್ದು ನಾನು ಕಂಡಿಲ್ಲ. "ಸೆಕೆಂಡ್ ಕ್ಲಾಸ್ ಪಾಸಿಗೇ ಪರದಾಡುವ ನಮಗೆ ವಿದೇಶದ ವಿಮಾನದ ಉಸಾಬರಿ ಯಾಕೆ ಮಾರಾಯಾ?" ಅಂತ ಗೆಳೆಯರು ಕೇಳಬಹುದು. ಕೇಳಲಿ. ಆದರೆ ಅದಕ್ಕೆ ಮೊದಲು ತಮ್ಮ ತಮ್ಮ ಮನೆಯ ಕಡೆ ಒಮ್ಮೆ ನೋಡಲಿ. ದುಬೈಯಲ್ಲಿ ಒಬ್ಬ ಮಾವ, ಮಸ್ಕತ್ತಿನಲ್ಲಿ ಒಬ್ಬ ಭಾವ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಒಬ್ಬರೇ ಹೊರಟ ದೊಡ್ಡಮ್ಮ. ಇಂಥವರು ಇಲ್ಲದ ಮನೆ ನಮ್ಮಲ್ಲಿ ಹುಡುಕಿ ತೆಗೆಯಬೇಕು. ಇವರೆಲ್ಲ ವಿಮಾನ ಹತ್ತುವುದು ಮೋಜಿಗಲ್ಲ. ಹೊಟ್ಟೆಪಾಡಿಗೆ, ಇಲ್ಲವೇ ಕರುಳಿನ ಸೆಳೆತಕ್ಕೆ.

ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುವ ನಡುವಿನ ಹೊತ್ತಿಗೆ ಲೇಓವರ್ ಅಂತ ಹೆಸರು. ಆ ಹೊತ್ತು ಕಡಿಮೆಯಾಗಿ ಎರಡನೇ ವಿಮಾನ ತಪ್ಪಿದರೆ ನಮ್ಮವರು ತಪ್ಪಿಸಿಕೊಂಡವರನ್ನೇ ಬಯ್ಯುತ್ತಾರೆ. "ಸ್ವಲ್ಪ ಬೇಗ ಓಡಬಾರದಿತ್ತೇ? ಅಲ್ಲಿ ಇಲ್ಲಿ ನೋಡ್ತಾ ನಿಂತಿರಬೇಕು!" ನನ್ನ ಅಭಿಪ್ರಾಯದಲ್ಲಿ ಈ ಬೈಗುಳ ತಪ್ಪು ವಿಳಾಸಕ್ಕೆ ಹೋಗುವ ಕಾಗದ. ಕಾಲಿನ ವೇಗ ಇಲ್ಲಿ ಕೊನೆಯ ಮಾತು. ಮೊದಲನೆಯ ಮಾತು, ಮೊದಲ ವಿಮಾನ ತಡವಾದರೆ ನಷ್ಟ ಯಾರ ತಲೆಗೆ ಎಂಬುದು. ಅದು ತೀರ್ಮಾನವಾಗುವುದು ವಿಮಾನ ನಿಲ್ದಾಣದಲ್ಲಿ ಅಲ್ಲ, ಟಿಕೇಟು ಕೊಳ್ಳುವ ದಿನ.

ಇದನ್ನು ಹೇಳಲು ಹಳೆಯದೊಂದು ಸಂಗತಿ ಸಹಾಯಕ್ಕೆ ಬರ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಪುಟ್ಟ ವಿಮಾನವೊಂದರಲ್ಲಿ ಅಂಚೆ ಚೀಲ ಹೊತ್ತು, ಅಹಮದಾಬಾದಿನಲ್ಲಿ ಇಳಿದು, ನಮ್ಮ ಜುಹೂಗೆ ಬಂದರು. ಅಲ್ಲಿಂದ ಮದರಾಸಿನ ಅಂಚೆಯನ್ನು ನೆವಿಲ್ ವಿನ್ಸೆಂಟ್ ಎಂಬವರು ಮುಂದಕ್ಕೆ ಒಯ್ದರು. ದಾರಿಯಲ್ಲಿ ತಂಗಿದ ಊರು ನಮ್ಮ ಬಳ್ಳಾರಿ! ಟಾಟಾ ಅವರ ವಿಮಾನ ಅಂಚೆ ಹುಟ್ಟಿದ್ದೇ ಹೀಗೆ ಕೈ ಬದಲಾಯಿಸಿಕೊಂಡು. ಆದರೆ ಆ ಚೀಲದೊಳಗಿನ ಕಾಗದ ಜುಹೂವಿನಲ್ಲಿ ಇಳಿದು ಇನ್ನೊಂದು ಅಂಚೆಚೀಟಿ ಕೊಂಡಿತೇ? ಇಲ್ಲ. ಕಳಿಸುವವರು ಒಮ್ಮೆ ದುಡ್ಡು ಕೊಟ್ಟರು, ತಲುಪಿಸುವ ಹೊಣೆ ಅಂಚೆಯವರದು. ಕಾಗದಕ್ಕೆ ಸಿಕ್ಕ ಈ ಸವಲತ್ತು ಮನುಷ್ಯನಿಗೂ ಸಿಗ್ತದೆ. ಆದರೆ ಇಡೀ ಪ್ರಯಾಣ ಒಂದೇ ಟಿಕೇಟಿನಲ್ಲಿದ್ದರೆ ಮಾತ್ರ.

ನಮ್ಮ ಕರಾವಳಿಯ ಹಿರಿಯರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದೇ 1998ರಲ್ಲಿ. ಅದಕ್ಕೂ ಹಿಂದೆ ಗಲ್ಫಿಗೆ ಹೊರಟವರು ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಮುಂಬಯಿಗೆ ಬಂದು, ಊರಿನವರ ಖೋಲಿಯಲ್ಲೋ ಹೋಟೆಲಿನ ಅಟ್ಟದ ಮೇಲೋ ಎರಡು ದಿನ ತಂಗಿ, ಮೂರನೇ ದಿನ ಸಹಾರಿಗೆ ಹೋಗುತ್ತಿದ್ದರು. ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತರೂ ವಿಮಾನ ತಪ್ಪುತ್ತಿರಲಿಲ್ಲ. ಆ ಎರಡು ದಿನವನ್ನು ನಾವು ಹಳ್ಳಿಗರ ಭಯ ಅಂತ ನಕ್ಕು ಬಿಡ್ತೇವೆ. ವಾಣಿಜ್ಯದ ಭಾಷೆಯಲ್ಲಿ ಅದು ವಿಮೆ. ಅದರ ಕಂತು ಕಟ್ಟಿದವರು ಚಾಪೆ ಹಾಸಿ ಗಂಜಿ ಬಡಿಸಿದ ಮುಂಬಯಿ ಕನ್ನಡಿಗರು.

ಈಗ ಎರಡು ದಿನ ಹೋಗಿ ಮೂರು ಗಂಟೆ ಆಗಿದೆ. ಮೂರು ಗಂಟೆ ಧಾರಾಳವಾಯಿತಲ್ಲ ಅನ್ನಿಸಬಹುದು. ಲೆಕ್ಕ ಹಾಕೋಣ. ಬೇರೆ ಬೇರೆ ಎರಡು ಟಿಕೇಟು ಕೊಂಡು ಊರಿನಿಂದ ಬಂದವರು ಪಾರ್ಲೆ ಕಡೆಯ ಒಂದನೇ ಟರ್ಮಿನಲ್‌ನಲ್ಲಿ ಇಳಿದರು ಅನ್ನಿ. ವಿದೇಶದ ವಿಮಾನ ಹೊರಡುವುದು ಸಹಾರಿನ ಎರಡನೇ ಟರ್ಮಿನಲ್‌ನಿಂದ. ಇಳಿದು ಹೊರಗೆ ಬರಲು ಹದಿನೈದು ನಿಮಿಷ. ಪೆಟ್ಟಿಗೆ ಬೆಲ್ಟಿನ ಮೇಲೆ ಬರಲು ಇಪ್ಪತ್ತೈದು. ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ದಾಟಿ, ಬಾಗಿಲಲ್ಲಿ ಪಾಸ್‌ಪೋರ್ಟು ತೋರಿಸಿ ಒಳಗೆ ಹೋಗಲು ನಲವತ್ತು. ಅಲ್ಲಿಗೆ ಎಂಬತ್ತು ನಿಮಿಷ ಹೋಯಿತು. ವಿದೇಶದ ವಿಮಾನದ ಚೆಕ್-ಇನ್ ಕೌಂಟರು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುವುದು ಸಾಮಾನ್ಯ, ಕೆಲವು ಕಂಪೆನಿಗಳಲ್ಲಿ ಇನ್ನೂ ಮೊದಲು. ಆ ಅರವತ್ತನ್ನೂ ಕೂಡಿಸಿ. ನೂರಾ ನಲವತ್ತು. ನೂರಾ ಎಂಬತ್ತರಲ್ಲಿ ಉಳಿದದ್ದು ನಲವತ್ತು ನಿಮಿಷ. ಟಿಕೇಟಿನ ಮೇಲೆ ಮೂರು ಗಂಟೆ ಅಂತ ಕಾಣುವುದು ನಿಜದಲ್ಲಿ ನಲವತ್ತು ನಿಮಿಷ!

ನಮ್ಮ ಊರಿನ ಮಳೆಗೆ ಈ ನಲವತ್ತು ನಿಮಿಷ ಎಷ್ಟರದು? ಸಹಾರ್-ಸಾಂತಾಕ್ರೂಜ್ ನಿಲ್ದಾಣದಲ್ಲಿ ರನ್‌ವೇಗಳು ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಬರುವುದು. 2019ರ ಜುಲೈ 1ರ ರಾತ್ರಿ ಮಳೆಯಲ್ಲಿ ಇಳಿದ ವಿಮಾನವೊಂದು ಮುಖ್ಯ ರನ್‌ವೇ ದಾಟಿ ಮಣ್ಣಿಗೆ ಹೋಗಿ, ಆ ರನ್‌ವೇ ದಿನಗಟ್ಟಲೆ ಮುಚ್ಚಿತ್ತು. ಅಂಥದ್ದೇನೂ ಆಗದ ದಿನವೂ ಸರದಿ ಸಿಗದೆ ವಿಮಾನಗಳು ಆಕಾಶದಲ್ಲಿ ಸುತ್ತು ಹಾಕುವುದನ್ನು ಕುರ್ಲಾ, ಸಾಕಿನಾಕಾ ಕಡೆಯವರು ಮಾಳಿಗೆಯಿಂದಲೇ ನೋಡಬಹುದು. 2024ರ ಅಕ್ಟೋಬರಿನಿಂದ ಮೆಟ್ರೋ ಮೂರನೇ ಮಾರ್ಗ ಎರಡೂ ಟರ್ಮಿನಲ್‌ಗಳನ್ನು ಮುಟ್ಟುತ್ತದೆ, ಒಳ್ಳೆಯದಾಯಿತು. ಆದರೆ ಮೆಟ್ರೋ ಆಕಾಶದ ಸರದಿಯನ್ನು ಚಿಕ್ಕದು ಮಾಡಲಾರದು. ಜೊತೆಗೆ ಹೊಸ ತೊಡಕೊಂದು ಬಂದಿದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣ ಇರುವುದು ಪನ್ವೇಲ್ ಕಡೆಯಲ್ಲಿ. ಅಲ್ಲಿ ಇಳಿದು ಸಹಾರಿನಲ್ಲಿ ಹತ್ತುವ ಟಿಕೇಟನ್ನೂ "ಮುಂಬಯಿಯಲ್ಲಿ ಬದಲಾವಣೆ" ಅಂತಲೇ ಮಾರಬಹುದು. ಟಿಕೇಟಿನಲ್ಲಿ ಬಿಓಎಂ ಇದ್ದರೆ ಹಳೆಯ ನಿಲ್ದಾಣ, ಎನ್‌ಎಂಐ ಇದ್ದರೆ ಹೊಸದು. ಮೂರು ಅಕ್ಷರ ಓದದಿದ್ದರೆ ಇಡೀ ಮಹಾನಗರ ದಾಟಬೇಕಾದೀತು.

ನನ್ನ ಚಿಕ್ಕಪ್ಪನ ವಿಷಯ ಹೇಳ್ತೇನೆ. ದುಬೈಯಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ ಅವರದು. ಅಜ್ಜಿಯ ಕಾಯಿಲೆಗೆಂದು ಊರಿಗೆ ಬಂದವರು ತಿಂಗಳು ಐದು ದಾಟಿದರೂ ಹೊರಡಲಾಗಲಿಲ್ಲ. ಅಲ್ಲಿನ ಸಾಮಾನ್ಯ ವಾಸದ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಬಿದ್ದುಹೋಗ್ತದೆ. ನಾಲ್ಕು ದಿನ ಉಳಿದಿರುವಾಗ ಹೊರಟರು. ನೇರ ವಿಮಾನದ ದರ ಆ ವಾರ ಕೈಗೆಟುಕಲಿಲ್ಲ. ಏಜಂಟರೊಬ್ಬರು ಮುಂಬಯಿಯವರೆಗೆ ಒಂದು, ಮುಂದಕ್ಕೆ ಇನ್ನೊಂದು, ಹೀಗೆ ಎರಡು ಟಿಕೇಟು ಮಾಡಿಕೊಟ್ಟರು. "ಮೂರು ಗಂಟೆ ಉಂಟು, ಎಂತ ಹೆದರಿಕೆ ಇಲ್ಲ" ಅಂದರು. ಮೊದಲನೆಯದು ಮಳೆಗೆ ಒಂದು ಗಂಟೆ ಹತ್ತು ನಿಮಿಷ ತಡ. ಎರಡನೆಯದರ ಕೌಂಟರು ಮುಚ್ಚಿತ್ತು. ಮೊದಲ ಕಂಪೆನಿಯವರು "ನಿಮ್ಮನ್ನು ಮುಂಬಯಿಗೆ ತಂದಿದ್ದೇವಲ್ಲ" ಅಂದರು. ಎರಡನೆಯವರು "ನೀವು ಬರಲೇ ಇಲ್ಲವಲ್ಲ" ಅಂದರು. ಎರಡೂ ಮಾತು ನಿಜ! ನಡುವಿನ ಮೂರು ಗಂಟೆ ಮಾತ್ರ ಯಾರ ಪುಸ್ತಕದಲ್ಲೂ ಇರಲಿಲ್ಲ. ಆ ರಾತ್ರಿ ಅಮ್ಮ ಚೀಟಿಯ ಹಣ ತೆಗೆದುಕೊಟ್ಟರು. ಮರುದಿನದ ಟಿಕೇಟಿಗೆ ಮೊದಲಿನ ಮೂರು ಪಟ್ಟು ಆಯಿತು. ಕೆಲಸ ಉಳಿಯಿತು, ಚೀಟಿ ಹೋಯಿತು.

ಇದರ ಬೇರು ಕರಾರಿನಲ್ಲಿದೆ. ಬಿ.ಕಾಂ.ನವರು ಕರಾರು ಕಾಯಿದೆಯನ್ನು ಪರೀಕ್ಷೆಗೆ ಉರು ಹೊಡೆದು ಮರೆತುಬಿಡ್ತೇವೆ. ಟಿಕೇಟು ಎಂಬುದೇ ಒಂದು ಕರಾರು ಅಂತ ನೆನಪಿರುವುದಿಲ್ಲ. ಅಂತರರಾಷ್ಟ್ರೀಯ ವಿಮಾನಯಾನಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅಂತ ಒಂದಿದೆ, 2009ರಿಂದ ಭಾರತಕ್ಕೂ ಅದು ಅನ್ವಯ. ಹಲವು ಕಂಪೆನಿಗಳು ಒಂದರ ನಂತರ ಒಂದು ಒಯ್ದರೂ, ಸಂಬಂಧಪಟ್ಟವರು ಅದನ್ನು ಒಂದೇ ವ್ಯವಹಾರವೆಂದು ಕಂಡಿದ್ದರೆ ಅದು ತುಂಡಾಗದ ಒಂದೇ ಪ್ರಯಾಣ, ಅಂತ ಅದರ ಮೊದಲನೇ ವಿಧಿಯೇ ಹೇಳ್ತದೆ. ತಡದಿಂದಾದ ನಷ್ಟಕ್ಕೆ ಕಂಪೆನಿ ಹೊಣೆ, ತಪ್ಪಿಸಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಅಂತ ತೋರಿಸಿಕೊಟ್ಟರೆ ಮಾತ್ರ ಬಿಡುಗಡೆ, ಅಂತ ಹತ್ತೊಂಬತ್ತನೆಯದು. ಆದರೆ ಬೇರೆ ಬೇರೆಯಾಗಿ ಕೊಂಡ ಎರಡು ಟಿಕೇಟಿನಲ್ಲಿ, ನೀವು ಇನ್ನೊಂದು ವಿಮಾನದಿಂದ ಬರುತ್ತಿದ್ದೀರಿ ಅನ್ನುವುದೇ ಎರಡನೇ ಕಂಪೆನಿಗೆ ತಿಳಿದಿರುವುದಿಲ್ಲ. ತಿಳಿಯದವನ ಮೇಲೆ ಹೊಣೆ ಹೊರಿಸುವುದು ಹೇಗೆ?

ಹೊರಗಿನವರು ಇದನ್ನು ಎಲ್ಲಿಗೆ ಒಯ್ದಿದ್ದಾರೆ ನೋಡಿ. ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪೌಲೊ ಹಾದು ಪರಾಗ್ವೆಗೆ ಹೊರಟವರ ಮೊದಲ ವಿಮಾನ ಎರಡೂವರೆ ಗಂಟೆಯಷ್ಟು ತಡವಾಯಿತು. ಮುಂದಿನವು ತಪ್ಪಿ, ಊರು ಸೇರುವಾಗ ಹನ್ನೊಂದು ಗಂಟೆ ತಡ. 2013ರಲ್ಲಿ ಯುರೋಪಿನ ನ್ಯಾಯಾಲಯ, ತಡವನ್ನು ಅಳೆಯಬೇಕಾದ್ದು ಕೊನೆಯ ಊರಿನಲ್ಲಿ ಅಂತ ತೀರ್ಪು ಕೊಟ್ಟಿತು. ಅಷ್ಟು ದೂರ ಯಾಕೆ, ನಮ್ಮ ರೈಲ್ವೆಯವರೇ 2019ರ ಏಪ್ರಿಲ್‌ನಿಂದ ಎರಡು ಗಾಡಿಯ ಎರಡು ಟಿಕೇಟುಗಳನ್ನು ಜೋಡಿಸಿಕೊಳ್ಳಲು ಬಿಟ್ಟಿದ್ದಾರೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಹೋಗದೆ ಉಳಿದ ದಾರಿಯ ಹಣ ವಾಪಸು. ಗಾಡಿಗೆ ಸಾಧ್ಯವಾದದ್ದು ವಿಮಾನಕ್ಕೆ ಯಾಕೆ ಆಗಬಾರದು? ಎರಡು ಟಿಕೇಟು ಮಾರುವವರು, "ಇವು ಜೋಡಿಯಲ್ಲ, ತಪ್ಪಿದರೆ ನಿಮ್ಮ ಪಾಡು" ಅಂತ ಕೊಳ್ಳುವವರ ಭಾಷೆಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿಕೊಡಬೇಕು ಅನ್ನುವುದು ನನ್ನ ವಾದ.

ಇದಕ್ಕೆ ಎದುರು ಮಾತು ಇದೆ. "ಒಂದೇ ಟಿಕೇಟು ದುಬಾರಿ, ಬಡವರು ಏನು ಮಾಡಬೇಕು?" ಸರಿಯಾದ ಪ್ರಶ್ನೆ. ಎರಡು ಟಿಕೇಟು ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಕೊಂಡರೆ ನಡುವೆ ಮೂರು ಗಂಟೆ ಇಡಬೇಡಿ, ಒಂದು ರಾತ್ರಿ ಇಡಿ. ಹಿರಿಯರ ಚಾಪೆ ಇನ್ನೂ ನಮ್ಮ ಮನೆಗಳಲ್ಲಿದೆ. ಉಳಿಸಿದ ಎರಡು ಸಾವಿರಕ್ಕೆ ಎದುರಾಗಿ ಕಳೆಯಬಹುದಾದ ಮೂವತ್ತು ಸಾವಿರವನ್ನೂ ಬರೆಯದ ಲೆಕ್ಕ ಅರ್ಧ ಲೆಕ್ಕ, ಅಷ್ಟೆ.

ಒಂದೇ ಟಿಕೇಟು ಕೊಂಡವರಿಗೂ ಕೆಲವು ಮಾತು. ಆ ನಿಲ್ದಾಣಕ್ಕೆ ಗೊತ್ತುಪಡಿಸಿದ ಕನಿಷ್ಠ ಹೊತ್ತಿಗಿಂತ ಕಡಿಮೆ ಅಂತರವಿಟ್ಟು ಒಂದೇ ಟಿಕೇಟನ್ನು ಸಾಮಾನ್ಯವಾಗಿ ಮಾರುವುದಿಲ್ಲ. ಆದರೆ ಅದು ಕನಿಷ್ಠ, ಪಾಸಾಗಲು ಬೇಕಾದ ಮೂವತ್ತೈದು ಅಂಕದ ಹಾಗೆ. ಚೆಕ್-ಇನ್ ಮಾಡುವಾಗ ಪೆಟ್ಟಿಗೆಯ ಚೀಟಿಯಲ್ಲಿ ಕೊನೆಯ ಊರಿನ ಅಕ್ಷರಗಳಿವೆಯೇ ನೋಡಿ. ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ವಲಸೆ ತಪಾಸಣೆ, ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ಅಲ್ಲೇ ತೆಗೆದು ಮತ್ತೆ ಕೊಡಬೇಕು. ವಿದೇಶದಿಂದ ಮುಂಬಯಿಗೆ ಬಂದು ಊರಿನ ವಿಮಾನ ಹತ್ತುವವರಿಗೂ ಹೆಚ್ಚಾಗಿ ಇದೇ ಕ್ರಮ. ಅಲ್ಲಿಗೆ ಎರಡು ಗಂಟೆ ಸಾಲದು. ಯುರೋಪಿನಲ್ಲಿ ಬೇರೆ ಬೇರೆ ಟಿಕೇಟಿನವರು ಪೆಟ್ಟಿಗೆ ತೆಗೆಯಲು ಹೊರಗೆ ಬರಬೇಕಾದರೆ, ನಮ್ಮ ಪಾಸ್‌ಪೋರ್ಟಿಗೆ ವೀಸಾವೇ ಬೇಕು. ಔಷಧಿ, ಕಾಗದಪತ್ರ ಕೈಚೀಲದಲ್ಲಿರಲಿ. ವಯಸ್ಸಾದವರಿಗೆ ಗಾಲಿಕುರ್ಚಿಯನ್ನು ಮೊದಲೇ ಕೇಳಿಡಿ, ನಾಚಿಕೆ ಬೇಡ, ದಾರಿ ತೋರಿಸಲು ಜೊತೆಗೊಬ್ಬರು ಸಿಕ್ಕ ಹಾಗೂ ಆಯಿತು. ತಪ್ಪಿದರೆ ಹೊಸ ಟಿಕೇಟು ಕೊಳ್ಳಬೇಡಿ. ಮೊದಲು ಕಂಪೆನಿಯ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಿ, ಮುಂದಿನ ವಿಮಾನದಲ್ಲಿ ಜಾಗ ಕೇಳಿ. ಅದು ಭಿಕ್ಷೆಯಲ್ಲ, ನೀವು ದುಡ್ಡು ಕೊಟ್ಟ ಕರಾರು.

ಇದೆಲ್ಲ ಟಿಕೇಟಿನ ಷರತ್ತುಗಳಲ್ಲಿ ಇಲ್ಲವೇ? ಇದೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದ ನಾನು ಅಂಥದ್ದೊಂದು ಷರತ್ತುಪಟ್ಟಿಯನ್ನು ನಿಘಂಟು ಹಿಡಿದು ಮೂರು ಸಂಜೆ ಓದಿದೆ. ನನಗೆ ಮೂರು ಸಂಜೆ ಹಿಡಿದದ್ದು ಚಿಕ್ಕಪ್ಪನಿಗೆ, ದೊಡ್ಡಮ್ಮನಿಗೆ ಕೌಂಟರಿನ ಮುಂದೆ ಮೂರು ನಿಮಿಷದಲ್ಲಿ ಹೇಗೆ ಅರ್ಥವಾಗಬೇಕು? ಕನ್ನಡ ಬೆಳೆಯಬೇಕು ಅಂತ ನಾವು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡ್ತೇವೆ. ಟಿಕೇಟು, ವಿಮೆ, ಬ್ಯಾಂಕಿನ ಅರ್ಜಿ, ಇವು ಕನ್ನಡದಲ್ಲಿ ಅರ್ಥವಾಗುವಂತೆ ಮಾಡುವುದೂ ಆ ಕೆಲಸವೇ ಅಂತ ನನಗೆ ಕಾಣ್ತದೆ.

ಆದ್ದರಿಂದ ಬಳಗದ ಗೆಳೆಯರಲ್ಲಿ ನನ್ನದೊಂದು ಸಲಹೆ. ಮುಂದಿನ ಸಂಚಿಕೆಯ ಕೊನೆಯ ಪುಟವನ್ನು ಇದಕ್ಕೆ ಕೊಡೋಣ. ಟಿಕೇಟು ಕೊಳ್ಳುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು ಅದರಲ್ಲಿರಲಿ. ಇದು ಒಂದೇ ಟಿಕೇಟೇ? ಪೆಟ್ಟಿಗೆ ಕೊನೆಯ ಊರಿನವರೆಗೆ ಹೋಗ್ತದೆಯೇ? ಇಳಿಯುವ, ಹತ್ತುವ ಟರ್ಮಿನಲ್ ಯಾವುವು? ತಪ್ಪಿದರೆ ಯಾರು ಹೊಣೆ? ಹೆಚ್ಚಿನ ಐವತ್ತು ಪ್ರತಿ ತೆಗೆದರೆ ಕಾಗದದ ಖರ್ಚು ಮಾತ್ರ. ಅದನ್ನು ನಮ್ಮ ನಮ್ಮ ಕಟ್ಟಡದ ಸಂಘದ ಕೋಣೆಯಲ್ಲಿ, ಊರಿನವರ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಅಂಟಿಸೋಣ. ಬರೆಯುವ ಕೆಲಸ ನಾನು ಮಾಡ್ತೇನೆ. ತಿದ್ದಲು, ಅಂಟಿಸಲು ಯಾರು ಬರ್ತೀರಿ? ಹೆಸರನ್ನು ಸಂಪಾದಕರಲ್ಲಿ ಕೊಡಿ.