ಮೋಟಾರು ಹುಟ್ಟುವ ಮುನ್ನ

ಬೀಸಣಿಗೆ, ನೀರೆತ್ತುವ ಪಂಪು, ಹಿಟ್ಟು ರುಬ್ಬುವ ಯಂತ್ರ, ಸದ್ದಿಲ್ಲದೆ ಓಡುವ ವಿದ್ಯುತ್ ಕಾರು, ಇವೆಲ್ಲದರ ಒಡಲಿನಲ್ಲಿ ದುಡಿಯುವುದು ಮೋಟಾರು. ಅದರ ಒಂದು ಭಾಗ ಸ್ಥಿರವಾಗಿ ನಿಲ್ಲುವುದು, ಇನ್ನೊಂದು ತಿರುಗುವುದು. ಸಣ್ಣ ಮೋಟಾರುಗಳಲ್ಲಿ ಇವೆರಡರ ನಡುವಣ ಗಾಳಿಯ ಸಂದು ಒಂದು ಮಿಲಿಮೀಟರಿಗೂ ಕಿರಿದು. ತಿರುಗಿಸುವ ಬಲವೆಲ್ಲ ಪ್ರಕಟವಾಗುವುದು ಆ ಸಂದಿನಲ್ಲಿಯೇ. ಕಣ್ಣಿಗೆ ಕಾಣದ ಕಾಂತಕ್ಷೇತ್ರವು ಅಲ್ಲಿ ಹೇಗೆ ಹರಡಿದೆಯೆಂದು ಬಲ್ಲವನೇ ಒಳ್ಳೆಯ ಮೋಟಾರನ್ನು ರಚಿಸಬಲ್ಲ.

ಆದರೆ ಇದನ್ನು ಅರಿಯುವುದು ಸುಲಭವೆ? ಕಾಲುವೆಯು ನೀರನ್ನು ಒಯ್ಯುವಂತೆ ಉಕ್ಕು ಕಾಂತಕ್ಷೇತ್ರವನ್ನು ಒಯ್ಯುತ್ತದೆ. ಸುಮಾರು 2 ಟೆಸ್ಲಾ ತಲಪುವ ವೇಳೆಗೆ ಉಕ್ಕು ತುಂಬಿದ ಕಾಲುವೆಯಂತಾಗುತ್ತದೆ. ಇದಕ್ಕೆ ಪರ್ಯಾಪ್ತ ಸ್ಥಿತಿಯೆಂದು ಹೆಸರು. ಅನಂತರ ವಿದ್ಯುತ್ ಪ್ರವಾಹವನ್ನು ಇಮ್ಮಡಿಸಿದರೂ ಬಲ ಇಮ್ಮಡಿಸದು. ತಂತಿಸುರುಳಿಯ ಶಾಖ ಮಾತ್ರ ನಾಲ್ಮಡಿಯಾಗುವುದು. ಹಿಂದಿನ ಎಂಜಿನಿಯರರು ಸರಳ ಸೂತ್ರಗಳನ್ನೂ ಅನುಭವದ ಅಂಕಿಗಳನ್ನೂ ನಂಬಿ ಮಾದರಿಯೊಂದನ್ನು ಕಟ್ಟುತ್ತಿದ್ದರು. ಅದು ಅತಿಯಾಗಿ ಕಾದರೆ, ಇಲ್ಲವೆ ನಡುಗಿದರೆ, ಅಚ್ಚುಗಳನ್ನು ಬದಲಿಸಿ ಮತ್ತೆ ಕಟ್ಟಬೇಕಾಗುತ್ತಿತ್ತು.

1970ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪಿ. ಸಿಲ್ವೆಸ್ಟರ್ ಮತ್ತು ಎಂ. ವಿ. ಕೆ. ಚಾರಿ ಹೊಸ ದಾರಿಯೊಂದನ್ನು ತೋರಿಸಿದರು. ವಿಮಾನಾದಿಗಳ ರಚನೆಯಲ್ಲಿ ಅದಾಗಲೇ ಬಳಕೆಯಲ್ಲಿದ್ದ ಫೈನೈಟ್ ಎಲಿಮೆಂಟ್ ವಿಧಾನವನ್ನು ಅವರು ಪರ್ಯಾಪ್ತವಾಗುವ ಉಕ್ಕಿನ ಕಾಂತಕ್ಷೇತ್ರಕ್ಕೆ ಅನ್ವಯಿಸಿದರು. ಯಂತ್ರದ ಅಡ್ಡಕೊಯ್ತದ ಚಿತ್ರವನ್ನು ತ್ರಿಕೋನಗಳಾಗಿ ಒಡೆಯುವುದು ಮೊದಲ ಕೆಲಸ. ಸಂದಿನ ಬಳಿಯ ತ್ರಿಕೋನಗಳು ಸಾಸಿವೆಗಿಂತ ಚಿಕ್ಕವು, ದೂರದವು ದೊಡ್ಡವು. ಮ್ಯಾಕ್ಸ್‌ವೆಲ್ಲನ ನಿಯಮಗಳು ಒಂದೊಂದು ತ್ರಿಕೋನದಲ್ಲಿಯೂ ಸರಳ ಸಮೀಕರಣಗಳಾಗುತ್ತವೆ. ಕ್ಷೇತ್ರ ಹೆಚ್ಚಿದಂತೆ ಉಕ್ಕಿನ ಗುಣವೇ ಬದಲಾಗುವುದರಿಂದ, ಎಲ್ಲವೂ ಒಂದಕ್ಕೊಂದು ಒಪ್ಪುವವರೆಗೆ ಗಣಕಯಂತ್ರವು ಲೆಕ್ಕವನ್ನು ಮತ್ತೆ ಮತ್ತೆ ತಿದ್ದುತ್ತದೆ.

ಉಕ್ಕಿನ ಹಲ್ಲನ್ನು ತುಸು ಅಗಲಿಸಿದರೆ ಬಲ ಎಷ್ಟಾದೀತು? ಕಾದ ಅಯಸ್ಕಾಂತವು ತನ್ನ ಗುಣವನ್ನು ಕಳೆದುಕೊಂಡೀತೆ? ಇಂದು ಒಂದು ತಗಡನ್ನೂ ಕತ್ತರಿಸದೆ ಇಂಥ ಪ್ರಶ್ನೆಗಳಿಗೆ ಉತ್ತರ ಪಡೆಯಬಹುದು. ನೂರಾರು ಆಕಾರಗಳನ್ನು ಲೆಕ್ಕದಲ್ಲಿಯೇ ತಿರುಗಿಸಿ ನೋಡಬಹುದು.

ಆದರೂ ಗಣಕಯಂತ್ರಕ್ಕೆ ತಿಳಿದಿರುವುದು ನಾವು ತಿಳಿಸಿದಷ್ಟೇ. ಅಚ್ಚಿನಿಂದ ಕತ್ತರಿಸಿದ ತಗಡಿನ ಅಂಚಿನಲ್ಲಿ ಕಾಂತಗುಣ ಕುಂದುತ್ತದೆ. ಸುರುಳಿಗೂ ಉಕ್ಕಿಗೂ ನಡುವೆ ಉಳಿದ ಗಾಳಿ ಶಾಖವನ್ನು ತಡೆಯುತ್ತದೆ. ಇವನ್ನು ಲೆಕ್ಕಕ್ಕೆ ಸೇರಿಸುವುದನ್ನು ಮರೆತರೆ, ತಪ್ಪು ಉತ್ತರವೂ ಅಂದವಾದ ಬಣ್ಣದ ಚಿತ್ರವಾಗಿಯೇ ಮೂಡುವುದು. ನೋಡಿದವರಿಗೆ ಸಂಶಯವೇ ಬಾರದು. ಆದಕಾರಣ ಮೊದಲ ಮಾದರಿಯನ್ನು ಇಂದಿಗೂ ಪರೀಕ್ಷಾಪೀಠಕ್ಕೆ ಏರಿಸಿ, ಬಲವನ್ನೂ ಶಾಖವನ್ನೂ ಅಳೆಯುತ್ತಾರೆ. ಲೆಕ್ಕದ ಅಂಕಿಗೂ ಅಳತೆಯ ಅಂಕಿಗೂ ಹೊಂದಿಕೆಯಾದ ಮೇಲೆಯೇ ಮೋಟಾರು ಕಾರ್ಖಾನೆಯನ್ನು ಬಿಟ್ಟು ಮನೆಗೆ ಬರತಕ್ಕದ್ದು.