ರಿಪೇರಿಯಾಗುವ ಸೈಕಲ್ಲೇ ಅಗ್ಗದ ಸೈಕಲ್

ಮನೆಯಲ್ಲೇ ವ್ಯಾಯಾಮ ಮಾಡಲು ಸೈಕಲ್ ಕೊಳ್ಳಹೊರಟವರು ಮೊಬೈಲಿನಲ್ಲಿ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಸ್ಟಾರ್ ಎಣಿಸುತ್ತಾರೆ. ಬೀದರ್ ಜಿಲ್ಲೆಯವರು ಇವೆರಡಕ್ಕೂ ಮುಂಚೆ ಪಿನ್‌ಕೋಡ್ ಒತ್ತಿ ನೋಡುವುದು ಒಳ್ಳೆಯದು. ಬೀದರ್ ನಗರಕ್ಕೆ 585401, ಭಾಲ್ಕಿಗೆ 585328, ಔರಾದ್‌ಗೆ 585326. ಪೆಟ್ಟಿಗೆಯೇನೋ ಬಂದುಬಿಡುತ್ತದೆ. ಅದನ್ನು ಜೋಡಿಸಿಕೊಡುವವರು ಬರುತ್ತಾರೆಯೇ, ಆರು ತಿಂಗಳ ಮೇಲೆ ಪೆಡಲ್ ಕಟಕಟ ಎಂದರೆ ಯಾರನ್ನು ಕರೆಯಬೇಕು ಎಂಬುದು ಬೇರೆಯದೇ ಪ್ರಶ್ನೆ. ಹೈದರಾಬಾದ್‌ನಲ್ಲಿ ಸಿಗುವ ಸರ್ವಿಸ್ ಔರಾದ್‌ನಲ್ಲೂ ಸಿಗಲೇಬೇಕೆಂದಿಲ್ಲ.

ಹಾಗಾಗಿ ಈ ಭಾಗದ ಮನೆಗಳ ಮಟ್ಟಿಗೆ ಅಗ್ಗದ ಸೈಕಲ್ ಎಂದರೆ ಊರಿನಲ್ಲೇ ರಿಪೇರಿಯಾಗುವ ಸೈಕಲ್. ಎರಡು ಸಾವಿರ ಉಳಿಯಿತೆಂದು ತಂದ ಯಂತ್ರವನ್ನು ಒಂದು ಬೇರಿಂಗ್‌ಗಾಗಿ ನೂರು ಮೈಲಿ ಸಾಗಿಸಬೇಕಾಗಿ ಬಂದರೆ ಉಳಿಸಿದ್ದು ಟೆಂಪೊ ಬಾಡಿಗೆಗೇ ಸಾಲದು.

ಇಂಥ ಯಂತ್ರ ಈ ಕಡೆ ಬೇಕೇ ಎಂದು ಮೂಗು ಮುರಿಯುವವರಿದ್ದಾರೆ. ‘ಹೊಲದಾಗ ದುಡಿಯೋರಿಗೆ ಸೈಕಲ್ ಯಾಕ್ರಿ’ ಎಂಬ ಮಾತು ಹೊಲದಲ್ಲಿ ದುಡಿಯುವವರ ಮಟ್ಟಿಗೆ ಸರಿಯೇ. ತಹಸೀಲ್ ಕಚೇರಿಯ ಕುರ್ಚಿ, ಬಟ್ಟೆ ಅಂಗಡಿಯ ಗಾದಿ, ಬ್ಯಾಂಕಿನ ಕೌಂಟರು, ಶಾಲೆಯ ಸ್ಟಾಫ್ ರೂಮು ನಂಬಿದವರ ಕತೆ ಬೇರೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನ ಬೇಕಾದಷ್ಟು ಮೈ ಬಗ್ಗಿಸುತ್ತಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಲೆಕ್ಕ ಹಾಕಿತ್ತು. 

ಹೆಂಗಸರ ಆ ಶೇ 57ರ ಮುಂದೆ ಕೊಂಚ ನಿಲ್ಲಬೇಕು. ಬೀದರ್‌ನಲ್ಲಿ ನಡೆಯಲು ಜಾಗಕ್ಕೇನೂ ಬರವಿಲ್ಲ. ಕೋಟೆಯ ಒಳಗಿನ ರಸ್ತೆಯಿದೆ, ನೆಹರೂ ಕ್ರೀಡಾಂಗಣವಿದೆ, ಪಾಪನಾಶದ ಕಡೆ ಹೋದರೆ ಕೆರೆಯಿದೆ. ಇವೆಲ್ಲ ಯಾರಿಗೆ, ಯಾವ ಹೊತ್ತಿಗೆ? ಬೆಳಗ್ಗೆ ಆರಕ್ಕೆ ರೊಟ್ಟಿ ಬಡಿಯುತ್ತಿರುವ ಸೊಸೆ ಆ ಹೊತ್ತಿಗೆ ಕೋಟೆ ಸುತ್ತಲಾರಳು. ಸಂಜೆ ಅವಳಿಗೆ ಬಿಡುವಾಗುವಷ್ಟರಲ್ಲಿ ಓಣಿಯಲ್ಲಿ ನಾಯಿಗಳ ರಾಜ್ಯ ಶುರುವಾಗಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಗಂಡಸರೂ ಹೊರಗೆ ಕಾಲಿಡುವುದಿಲ್ಲ. ಭಾಲ್ಕಿ, ಔರಾದ್‌ನಂಥ ಊರುಗಳಲ್ಲಿ ಇದರ ಮೇಲೆ ‘ಯಾರ ಮನಿ ಬಾಯಿ ಹಿಂಗ ಓಡಾಡ್ಲತ್ತಾಳ’ ಎಂಬ ಕಣ್ಣುಗಳೂ ಇರುತ್ತವೆ. ಮನೆಯೊಳಗಿನ ಸೈಕಲ್ ಶೋಕಿಯ ವಸ್ತು ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಟ್ರೆಡ್‌ಮಿಲ್ ಯಾಕಲ್ಲ ಎಂದರೆ, ಅದಕ್ಕೆ ಕರೆಂಟು ಬೇಕು. ಮೋಟಾರಿನ ಟ್ರೆಡ್‌ಮಿಲ್ ಓಡುತ್ತಿರುವಾಗ ಕರೆಂಟು ಹೋದರೆ ಮೇಲಿರುವವರು ಮುಗ್ಗರಿಸುವ ಭಯ ಬೇರೆ. ಸಾಮಾನ್ಯ ವ್ಯಾಯಾಮದ ಸೈಕಲ್ಲಿಗೆ ಬೇಕಾದ ವಿದ್ಯುತ್ತೆಲ್ಲ ಮೀಟರಿನ ಹಿಂದಿನ ಎರಡು ಪೆನ್ಸಿಲ್ ಸೆಲ್‌ಗಳಲ್ಲೇ ಮುಗಿಯುತ್ತದೆ. ಅವು ಸತ್ತರೂ ಸೈಕಲ್ ನಿಲ್ಲುವುದಿಲ್ಲ. ಮೊಣಕಾಲು ನೋವಿರುವವರಿಗೂ ಇದೇ ವಾಸಿ, ಯಾಕೆಂದರೆ ಮೈಭಾರ ಸೀಟಿನ ಮೇಲೆ ಬೀಳುತ್ತದೆ, ಕೀಲಿನ ಮೇಲಲ್ಲ.

ಇನ್ನು ಜಾತಿಗಳು. ಸಾವಿರ-ಎರಡು ಸಾವಿರಕ್ಕೆ ಸಿಗುವುದು ಬರೀ ಪೆಡಲ್ ಜೋಡಿ, ಕುರ್ಚಿ ಮುಂದಿಟ್ಟುಕೊಂಡು ತುಳಿಯುವಂಥದ್ದು. ಆಪರೇಷನ್ ಆದ ಮುದುಕರಿಗೆ, ಕಾಲು ಆಡಿಸಬೇಕಾದವರಿಗೆ ಸಾಕು, ಉಳಿದವರಿಗೆ ಸಾಲದು. ಅದರ ಮೇಲಿನದು ‘ಏರ್‌ಬೈಕ್’: ಮುಂದೆ ಫ್ಯಾನಿನಂಥ ಗಾಲಿ, ಹಿಂದೆ ಮುಂದೆ ಆಡುವ ಹ್ಯಾಂಡಲ್. ತುಳಿದಷ್ಟೂ ಗಾಳಿ ಮುಖಕ್ಕೆ ಬಡಿಯುತ್ತದೆ, ತಗಡಿನ ಮನೆಯಲ್ಲಿ ಅದೂ ಒಂದು ಉಪಕಾರವೇ. ಆದರೆ ಸದ್ದು ಜಾಸ್ತಿ. ಮೂರನೆಯದು ಮ್ಯಾಗ್ನೆಟಿಕ್, ಒಳಗಿನ ಫ್ಲೈವೀಲಿನ ಹತ್ತಿರಕ್ಕೆ ಆಯಸ್ಕಾಂತ ಸರಿದಷ್ಟೂ ತುಳಿಯುವುದು ಬಿಗಿಯಾಗುತ್ತದೆ. ಯಾವುದಕ್ಕೂ ಯಾವುದೂ ಉಜ್ಜುವುದಿಲ್ಲವಾದ್ದರಿಂದ ಸವೆತವೂ ಇಲ್ಲ, ಸದ್ದೂ ಕಡಿಮೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೂ ತುಳಿಯಬಹುದು. ಎಂಟರಿಂದ ಹನ್ನೆರಡು ಸಾವಿರದೊಳಗೆ ಸಾಧಾರಣ ಮ್ಯಾಗ್ನೆಟಿಕ್ ಸೈಕಲ್ ಸಿಗುತ್ತದೆ, ಹೆಚ್ಚಿನ ಮನೆಗಳಿಗೆ ಅದೇ ಸರಿ.

ಜಿಮ್ಮಿನಲ್ಲಿ ಕಾಣುವ ಸ್ಪಿನ್ ಬೈಕ್ ನೋಡಲು ಗಟ್ಟಿ, ಕೊಳ್ಳುವ ಆಸೆಯೂ ಆಗುತ್ತದೆ. ಅಂಥ ಬಹುತೇಕ ಸೈಕಲ್‌ಗಳಲ್ಲಿ ಭಾರದ ಗಾಲಿಗೂ ಪೆಡಲಿಗೂ ನೇರ ಕೊಂಡಿ ಇರುತ್ತದೆ. ಕಾಲು ನಿಲ್ಲಿಸಿದರೂ ಪೆಡಲ್ ತಿರುಗುತ್ತಲೇ ಇರುತ್ತದೆ, ನಿಲ್ಲಿಸಬೇಕಾದರೆ ನಾಬ್ ಒತ್ತಬೇಕು. ತೆವಳುವ, ಓಡಾಡುವ ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಅಂಗಡಿಯವರು ಹೆಮ್ಮೆಯಿಂದ ತೋರಿಸುವ ಮೀಟರಿನ ಒಳಗುಟ್ಟು ಇಷ್ಟೇ: ಗಾಲಿಗೆ ಒಂದು ಚಿಕ್ಕ ಆಯಸ್ಕಾಂತ, ಅದರ ಎದುರಿಗೆ ಒಂದು ಸ್ವಿಚ್ಚು. ಆಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಸುತ್ತು ಎಂದು ಎಣಿಕೆ. ಆ ಎಣಿಕೆಯನ್ನೇ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ ವೇಗ, ದೂರ, ಕ್ಯಾಲೊರಿ ಎಂದು ತೋರಿಸುತ್ತದೆ. ಅಗ್ಗದ ಸೈಕಲ್‌ಗಳ ಮೀಟರಿಗೆ ನೀವು ಬಿಗಿಯನ್ನು ಒಂದರಲ್ಲಿಟ್ಟಿದ್ದೀರೋ ಎಂಟರಲ್ಲಿಟ್ಟಿದ್ದೀರೋ ಗೊತ್ತಾಗುವುದೇ ಇಲ್ಲ. ಏದುಸಿರು ಬಿಟ್ಟು ತುಳಿದವರಿಗೂ ಸುಮ್ಮನೆ ಕಾಲು ತಿರುಗಿಸಿದವರಿಗೂ ಅದೇ ಕ್ಯಾಲೊರಿ. ಕೆಲವು ಪೆಟ್ಟಿಗೆಗಳ ಮೇಲೆ ಯುರೋಪಿನ ಮಾನದಂಡ ‘ಇಎನ್ 957’ರ ಜೊತೆ ‘ಎಚ್‌ಸಿ’ ಎಂಬ ಅಕ್ಷರಗಳಿರುತ್ತವೆ. ‘ಎಚ್’ ಎಂದರೆ ಮನೆಬಳಕೆಗೆ, ‘ಸಿ’ ಎಂದರೆ ಅಳತೆಯ ನಿಖರತೆಯಲ್ಲಿ ಕೊನೆಯ ದರ್ಜೆ. ಪೆಟ್ಟಿಗೆಯೇ ಒಪ್ಪಿಕೊಂಡಿದ್ದನ್ನು ಕೊಳ್ಳುವವರು ನಂಬದಿದ್ದರೆ ಹೇಗೆ? ಬ್ಲೂಟೂತು, ಆ್ಯಪು, ದೊಡ್ಡ ಸ್ಕ್ರೀನು ಎಂದು ಕೊಡುವ ಹೆಚ್ಚಿನ ಹಣವೆಲ್ಲ ಈ ಎಣಿಕೆಯ ಡಬ್ಬಿಯ ಅಲಂಕಾರಕ್ಕೇ ಹೋಗುತ್ತದೆ.

ಹಣ ಹೋಗಬೇಕಾದದ್ದು ಸೀಟಿನ ಕೆಳಗಿನ ಕೊಳವೆಗೆ. ಅಮೆರಿಕದ ಪೆಲೊಟಾನ್ ಕಂಪನಿ 2023ರ ಮೇ ತಿಂಗಳಲ್ಲಿ ಸುಮಾರು 22 ಲಕ್ಷ ಸೈಕಲ್‌ಗಳ ಸೀಟು ಕಂಬವನ್ನು ವಾಪಸು ಪಡೆಯಬೇಕಾಯಿತು, ತುಳಿಯುವಾಗಲೇ ಅದು ಮುರಿಯಬಹುದೆಂದು. ನಮ್ಮ ಹಣದಲ್ಲಿ ಲಕ್ಷ ದಾಟುವ ಸೈಕಲ್‌ಗಳವು. ಅಲ್ಲಿನ ಗತಿ ಹಾಗಾದರೆ ಎಂಟು ಸಾವಿರದ ಸೈಕಲ್ಲಿನ ಕೊಳವೆಯನ್ನು ನಾಲ್ಕು ಬಾರಿ ಅಲ್ಲಾಡಿಸಿ ನೋಡುವುದರಲ್ಲಿ ತಪ್ಪಿಲ್ಲ. ಪೆಟ್ಟಿಗೆಯ ಮೇಲೆ 100, 110, 120 ಕೆ.ಜಿ. ಎಂದು ಮಿತಿ ಬರೆದಿರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ದಪ್ಪ ಯಾರೋ ಅವರ ತೂಕಕ್ಕಿಂತ ಇಪ್ಪತ್ತು ಕೆ.ಜಿ.ಯಾದರೂ ಮೇಲಿರಲಿ. ಸೀಟಿನ ಎತ್ತರ ಅತ್ತೆಗೂ ಮೊಮ್ಮಗನಿಗೂ ಹೊಂದಬೇಕು. ಸರಿಯಾದ ಎತ್ತರ ಕಂಡುಹಿಡಿಯುವುದು ಸುಲಭ: ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತುಸು ಬಾಗಿಯೇ ಇರುತ್ತದೆ. ಸೀಟು ತಗ್ಗಿಸಿಕೊಂಡು ತುಳಿದು, ಮೊಣಕಾಲು ನೋಯಿತೆಂದು ಸೈಕಲ್ಲನ್ನು ಬೈಯುವವರೇ ಹೆಚ್ಚು.

ಜಾಹೀರಾತಿನ ಚಿತ್ರಗಳಲ್ಲಿ ಸೀರೆ ಉಟ್ಟವರು ಇರುವುದಿಲ್ಲ. ಇಲ್ಲಿ ಸೈಕಲ್ ಹತ್ತುವವರು ಸೀರೆಯಲ್ಲೋ ನೈಟಿಯಲ್ಲೋ ಚೂಡಿದಾರದಲ್ಲೋ ಇರುತ್ತಾರೆ. ಏರ್‌ಬೈಕಿನ ಗಾಲಿಗೆ ತಂತಿಯ ಜಾಲರಿ ಮಾತ್ರ ಇದ್ದರೆ ಸೆರಗೋ ದುಪಟ್ಟಾವೋ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು. ಗಾಲಿ, ಚೈನು, ಬೆಲ್ಟು ಪೂರ್ತಿ ಮುಚ್ಚಿರಬೇಕು, ನಡುವಿನ ಕಂಬಿ ಇಲ್ಲದೆ ಕಾಲು ಸುಲಭವಾಗಿ ಆಚೆ ಹೋಗುವಂತಿರಬೇಕು. ಹಳೇ ಮನೆಗಳ ಶಹಾಬಾದ್ ಫರ್ಸಿಯೂ ಗಮನದಲ್ಲಿರಲಿ: ಕಲ್ಲುಗಳು ಒಂದೇ ಮಟ್ಟದಲ್ಲಿರುವುದಿಲ್ಲ, ಸೈಕಲ್ ಕುಂಟುತ್ತದೆ. ಕೆಳಗಿನ ಪಾದಗಳನ್ನು ತಿರುಗಿಸಿ ಮಟ್ಟ ಮಾಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಂಡರೆ ಒಳ್ಳೆಯದು.

ಪೆಟ್ಟಿಗೆ ಬಂತು ಎಂದುಕೊಳ್ಳೋಣ. ಮಗ ಪಾನಾ ಹಿಡಿದು ಕೂರುತ್ತಾನೆ. ಬಲಗಡೆಯ ಪೆಡಲ್ ಎಲ್ಲ ಬೋಲ್ಟಿನಂತೆ ಬಲಕ್ಕೆ ತಿರುಗುತ್ತದೆ. ಎಡಗಡೆಯ ಪೆಡಲಿಗೆ ಮಾತ್ರ ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು. ತುಳಿಯುವಾಗ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಪೆಡಲಿನ ತುದಿಯಲ್ಲಿ ಎಡ-ಬಲದ ಗುರುತೂ ಇರುತ್ತದೆ. ಇದನ್ನು ನೋಡದೆ ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಥ್ರೆಡ್ ತಿಂದುಹೋಗುತ್ತದೆ, ಹೊಸ ಸೈಕಲ್ ತುಳಿಯುವ ಮೊದಲೇ ಎಡಗಾಲು ಕಳೆದುಕೊಳ್ಳುತ್ತದೆ. ಯಾವ ಊರಿನ ಸೈಕಲ್ ಮೆಕ್ಯಾನಿಕ್ಕಿಗೂ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿದ ವರ್ಷಗಳಲ್ಲಿ ಇಂಥವರ ಕೈಯಿಂದ ಹಾದುಹೋಗದ ಪೆಡಲ್ ಇಲ್ಲ. ಅವರಿಗೆ ಇನ್ನೂರು-ಮುನ್ನೂರು ಕೊಟ್ಟು ಜೋಡಿಸಿಕೊಳ್ಳುವುದು ಬುದ್ಧಿವಂತಿಕೆ.

ಮುಂದೆ ಕೆಟ್ಟಾಗಲೂ ಅವರೇ ಗತಿ. ಅದಕ್ಕಾಗಿಯೇ ಕೊಳ್ಳುವ ಮೊದಲು ಭಾಗಗಳ ಬಗ್ಗೆ ಕೇಳಬೇಕು. ಮೂರು ತುಂಡಿನ ಕ್ರ್ಯಾಂಕ್ ಇದ್ದು ಪೆಡಲಿನ ಥ್ರೆಡ್ ಒಂಬತ್ತು-ಹದಿನಾರು ಇಂಚಿನದಾದರೆ ಬಜಾರಿನ ಸೈಕಲ್ ಪೆಡಲ್ಲೇ ಕೂರುತ್ತದೆ. ಒಂದೇ ತುಂಡಿನ ಕ್ರ್ಯಾಂಕಿಗೆ ಅರ್ಧ ಇಂಚಿನದು ಹುಡುಕಬೇಕು. ಬೇರಿಂಗಿನ ಮೈಮೇಲೆ 6203 ಎಂಬಂಥ ನಂಬರ್ ಕೊರೆದಿದ್ದರೆ ಅದನ್ನು ಹಿಡಿದುಕೊಂಡು ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವ ಅಂಗಡಿಗೆ ಹೋಗಬಹುದು, ಕಬ್ಬು ಬೆಳೆಯುವ ಭಾಲ್ಕಿಯಲ್ಲಿ ಅಂಥ ಅಂಗಡಿಗೇನು ಕಡಿಮೆ? ಮ್ಯಾಗ್ನೆಟಿಕ್ ಸೈಕಲ್ಲಿನ ಗೀರುಗೀರಿನ ಬೆಲ್ಟು ವಾಷಿಂಗ್ ಮೆಷಿನ್ ಬೆಲ್ಟಿನ ಜಾತಿಯದು, ನಂಬರ್ ಹೊಂದಿದರೆ ಸಿಗುತ್ತದೆ. ಬಿಗಿ ಹೆಚ್ಚು-ಕಡಿಮೆ ಮಾಡುವ ತಂತಿ ಮಾತ್ರ ಕಂಪನಿಯದೇ ಬೇಕಾಗುತ್ತದೆ, ಸಾಧ್ಯವಾದರೆ ಮೊದಲೇ ಒಂದು ಹೆಚ್ಚಿಗೆ ತರಿಸಿಟ್ಟುಕೊಳ್ಳಬೇಕು.

ಹಳೆಯದನ್ನು ಕೊಳ್ಳಲು ನಾಚಿಕೆ ಯಾಕೋ ಗೊತ್ತಿಲ್ಲ. ಹೈದರಾಬಾದ್‌ನಂಥ ಊರಿನಲ್ಲಿ ಹತ್ತು ದಿನ ತುಳಿದು ಬಿಟ್ಟ ಸೈಕಲ್‌ಗಳು ಅರ್ಧ ಬೆಲೆಗೆ ಸಿಗುತ್ತವೆ. ಆಸ್ಪತ್ರೆಗೋ ಮದುವೆ ಜವಳಿಗೋ ಅಲ್ಲಿಗೆ ಹೋಗುವವರು ಒಂದನ್ನು ನೋಡಿಕೊಂಡು ಬರಬಹುದು. ಹತ್ತು ನಿಮಿಷ ಬಿಗಿ ಹೆಚ್ಚಿಸಿ ತುಳಿಯಬೇಕು. ಎರಡು ಕಾಲಿಗೂ ಒಂದೇ ತೆರನಾಗಿ ಎಳೆತ ಬರಬೇಕು, ಒಂದೇ ಜಾಗದಲ್ಲಿ ಟಕ್ ಎಂದರೆ ಬೇರಿಂಗ್ ಹೋಗಿದೆ. ಹ್ಯಾಂಡಲಿನ ಕೆಳಗಿನ ಬೋಲ್ಟುಗಳನ್ನೂ ಬಗ್ಗಿ ನೋಡಬೇಕು. ಬೆವರಿನ ಉಪ್ಪು ಮೊದಲು ತಿನ್ನುವುದು ಅವನ್ನೇ.

ತುಳಿಯುವುದು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. 70 ಕೆ.ಜಿ. ತೂಕದವರು ಹಾಗೆ ಅರ್ಧ ಗಂಟೆ ತುಳಿದರೆ 200ರಿಂದ 250 ಕ್ಯಾಲೊರಿ ಕರಗಬಹುದು. 100 ಗ್ರಾಂ ಜೋಳದ ಹಿಟ್ಟಿನಲ್ಲಿರುವುದೇ ಸುಮಾರು 340. ಸೈಕಲ್ ಬಂತೆಂದು ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡವರ ಲೆಕ್ಕ ಅಲ್ಲಿಗೇ ಮುಗಿಯಿತು. ತೂಕಕ್ಕಿಂತ ಸಕ್ಕರೆಯ ಮೇಲೆ ಇದರ ಗುಣ ಬೇಗ ಕಾಣುತ್ತದೆ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ಹಗುರವಾಗಿ ತುಳಿದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಕೂಡದು.

ಸೈಕಲ್ ಹಾಳಾಗಿಯೇ ಬಂತು, ಮಾರಿದವರು ಫೋನ್ ಎತ್ತುತ್ತಿಲ್ಲ ಎಂದಾಗ ‘ಬೆಂಗಳೂರ್ ಕಂಪನಿ ಕೂಡ ಯಾರ್ ಜಗಳ ಮಾಡ್ಬೇಕ್ರಿ’ ಎಂದು ಕೈಚೆಲ್ಲುವವರೇ ಜಾಸ್ತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಮಾತನ್ನು ಸುಳ್ಳು ಮಾಡಿದೆ. ಕಂಪನಿ ಎಲ್ಲೇ ಇರಲಿ, ಕೊಂಡವರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಔರಾದ್‌ನವರಿಗೆ ಬೀದರ್ ಸಾಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕಂಪನಿಯ ಜೊತೆ ಮಾತಾಡುತ್ತದೆ. ಇದಕ್ಕೆಲ್ಲ ಬೇಕಾದದ್ದು ಬಿಲ್ಲು, ವಾರಂಟಿ ಕಾಗದ, ಪೆಟ್ಟಿಗೆ ಬಿಚ್ಚುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ. ವಿಡಿಯೊ ಟೇಪು ಹರಿಯುವ ಮೊದಲೇ ಶುರುವಾಗಬೇಕು, ಪೆಟ್ಟಿಗೆಯ ಮೇಲಿನ ವಿಳಾಸದ ಚೀಟಿ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು.