ಹೂವಿನ ಅರ್ಥ ಪಟ್ಟಿಯಲ್ಲಿರುತ್ತಾ?

ನಮ್ಮ ಟೀಮಿನಲ್ಲಿ ಬಲ್ಗೇರಿಯಾದ ಹುಡುಗಿಯೊಬ್ಬಳಿದ್ದಾಳೆ. ಕಳೆದ ಸಲ ಊರಿಗೆ ಹೋಗಿ ಬರುವಾಗ ಕೆಂಪು ದಾರದ ಕಸೂತಿ ಹಾಕಿದ ಪುಟ್ಟ ಬಟ್ಟೆಯೊಂದನ್ನು ತಂದುಕೊಟ್ಟಳು. ಅವಳ ಅಜ್ಜಿ ಹಾಕಿದ್ದು. ನಾನೋ ಇಂಜಿನಿಯರು, "ಈ ಹೂವಿಗೆ ಏನರ್ಥ?" ಅಂತ ಕೇಳದೆ ಇರೋಕಾಗುತ್ತಾ? "ಅಜ್ಜೀನೇ ಕೇಳಬೇಕು" ಅಂತ ನಕ್ಕಳು.

ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕಿದ್ದೆಲ್ಲ ಪಟ್ಟಿಗಳೇ. ಮರ ಅಂದ್ರೆ ಜೀವನ, ದ್ರಾಕ್ಷಿ ಅಂದ್ರೆ ಸಮೃದ್ಧಿ, ಗುಲಾಬಿ ಅಂದ್ರೆ ಪ್ರೀತಿ. ಎಡಗಡೆ ಗಿಡ, ಬಲಗಡೆ ಅರ್ಥ, ಥೇಟ್ ನಾವು ಕೋಡಿನಲ್ಲಿ ಬರೆಯೋ ಲುಕಪ್ ಟೇಬಲ್! ನನಗೆ ಈ ಪಟ್ಟಿಗಳ ಮೇಲೆ ನಂಬಿಕೆ ಹೋಗಿದೆ.

ದ್ರಾಕ್ಷಿಯನ್ನೇ ತಗೊಳ್ಳಿ. ರಿಲಾ ಮಠದ ಚರ್ಚಿನಲ್ಲಿ ಗರ್ಭಗುಡಿಗೆ ಅಡ್ಡವಾಗಿ 19ನೇ ಶತಮಾನದ ಮರದ ತಡಿಕೆಯಿದೆ. ಚಿನ್ನದ ಲೇಪದ ಕೆತ್ತನೆ, ತುಂಬ ಬಳ್ಳಿ, ಎಲೆ, ಗೊಂಚಲು. ಅಲ್ಲಿ ದ್ರಾಕ್ಷಿ ಅಂದ್ರೆ ಕ್ರಿಸ್ತ. ಅದೇ ದೇಶದಲ್ಲಿ ಫೆಬ್ರವರಿಯಲ್ಲಿ ಸಂತ ಟ್ರಿಫೋನನ ಹಬ್ಬದ ದಿನ ರೈತರು ತೋಟಕ್ಕೆ ಹೋಗಿ ಬಳ್ಳಿ ಸವರಿ, ಬುಡಕ್ಕೆ ವೈನ್ ಸುರೀತಾರೆ. ಅಲ್ಲಿ ಅದು ಈ ವರ್ಷದ ಫಸಲು. ಇನ್ನು ಚಿಪ್ರೋವ್ಟ್ಸಿ ಊರಿನ ಜಮಖಾನೆಗಳಲ್ಲೂ (2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ನೇಯ್ಗೆ ಅದು) ದ್ರಾಕ್ಷಿಬಳ್ಳಿ ಇದೆ, ಆದರೆ ಬರೀ ಮೂಲೆಗಳು! ಹಾಸು ಹೊಕ್ಕಿನ ಲೆಕ್ಕದಲ್ಲಿ ದುಂಡು ಬರೋದು ಕಷ್ಟ. ಎಳೆ ಎಣಿಸಿ ಹಾಕುವ ಕಸೂತಿಯದ್ದೂ ಅದೇ ಕಥೆ, ಪಿಕ್ಸೆಲ್ ಥರ. ಹಾಗಾಗಿ ಕೆಲವು ಕಡೆ ಹೂವು ಚೌಕವಾಗಿರೋದಕ್ಕೆ ಕಾರಣ ಗೂಢಾರ್ಥ ಅಲ್ಲ, ದಾರ.

ಹಾಗಂತ ಅರ್ಥವೇ ಇಲ್ಲ ಅಂತಲ್ಲ. ಅಲ್ಲಿ ಜ್ದ್ರಾವೆತ್ಸ್ ಅಂತೊಂದು ಕಾಡು ಜೆರೇನಿಯಂ ಇದೆ. 'ಜ್ದ್ರಾವೆ' ಅಂದ್ರೆ ಆರೋಗ್ಯ, ಹೆಸರಲ್ಲೇ ಹಾರೈಕೆ. ದ್ರ್ಯಾನ್ ಅನ್ನೋ ಗಿಡ ಚಳಿ ಮುಗಿಯೋ ಮೊದಲೇ, ಎಲೆ ಬರೋಕೂ ಮುಂಚೆ ಹಳದಿ ಹೂ ಬಿಡುತ್ತೆ, ಕಟ್ಟಿಗೆಯೂ ಗಟ್ಟಿ. ಜನವರಿ 1ರಂದು ಮಕ್ಕಳು ಅದರ ಕೊಂಬೆಗೆ ಉಣ್ಣೆದಾರ, ಜೋಳದ ಅರಳು, ಒಣಹಣ್ಣು ಕಟ್ಟಿ, ದೊಡ್ಡವರ ಬೆನ್ನಿಗೆ ತಟ್ಟುತ್ತಾ ಗಟ್ಟಿಯಾಗಿರಿ ಅಂತ ಹಾರೈಸ್ತಾರೆ. ಆ ಅರ್ಥವನ್ನು ಬೆನ್ನಿಗೇ ತಟ್ಟಿ ಕೊಡ್ತಾರೆ, ಟೇಬಲ್ ಬೇಕಾಗಲ್ಲ! (ಕಾಸೂ ಸಿಗುತ್ತೆ, ಮಕ್ಕಳು ಸುಮ್ಮನೆ ಬರ್ತಾರಾ?)

ಹಳೇ ಅಂಗಿಗಳಲ್ಲಿ ಕಸೂತಿ ಎಲ್ಲಿ ಬರುತ್ತೆ ನೋಡಿ: ಕುತ್ತಿಗೆ, ತೋಳಿನ ತುದಿ, ಕೆಳಗಿನ ಅಂಚು. ಕೆಟ್ಟದ್ದು ಒಳಗೆ ನುಗ್ಗಬಾರದು ಅಂತ ಬಟ್ಟೆ ತೆರೆದುಕೊಳ್ಳುವ ಕಡೆಯೇ ಕಾವಲು. ಅದೇ ಹೂವನ್ನು ಟೀ ಶರ್ಟಿನ ನಡುಮಧ್ಯೆ ಪ್ರಿಂಟ್ ಹೊಡೆದರೆ ಚೆಂದ ಕಾಣಬಹುದು, ಕಾವಲು ಮಾತ್ರ ಹೋಯ್ತು.

ಅಜ್ಜಿಗೆ ಈಗ ಕಣ್ಣು ಮಂಜಂತೆ, ಸೂಜಿ ಹಿಡಿಯೋದು ಬಿಟ್ಟಿದ್ದಾರಂತೆ. ಇವಳು ಬೇಸಿಗೆಗೆ ಮತ್ತೆ ಊರಿಗೆ ಹೋಗ್ತಿದ್ದಾಳೆ. ನಾನು ಪ್ರಶ್ನೆ ಬದಲಾಯಿಸಿದ್ದೀನಿ. ಅರ್ಥ ಏನು ಅಂತ ಕೇಳಬೇಡ ಮಾರಾಯ್ತಿ, ಇದನ್ನ ಯಾವಾಗ, ಯಾರಿಗೆ ಅಂತ ಹಾಕ್ತಿದ್ರು ಅಂತ ಕೇಳ್ಕೊಂಡು ಬಾ ಅಂದಿದ್ದೀನಿ.